ತಮ್ಮನ ಪೆಟ್ಟಿಗೆಯ ದನಿ

ವಾಲ್ವಣ್ಣನವರ ಅಂಗಡಿ ಎಂಟಡಿ ಅಗಲ, ಹದಿನಾಲ್ಕು ಅಡಿ ಉದ್ದ. ಒಂದು ಪಕ್ಕದಲ್ಲಿ ಬೀಗ ರಿಪೇರಿಯವರು, ಇನ್ನೊಂದು ಪಕ್ಕದಲ್ಲಿ ಕನ್ನಡಕದವರು. ಹದಿನೇಳನೇ ವಯಸ್ಸಿಗೆ ರೇಡಿಯೋ ರಿಪೇರಿ ಕಲಿಯಲು ಹೋದ ವಾಲ್ವಣ್ಣ ಮೊದಲ ವಾರವೇ ವಾಲ್ವುಗಳಿಗೆ ಮರುಳಾದರು. ಬೆರಳುದ್ದದ ಗಾಜಿನ ಕೊಳವೆ, ಅದರೊಳಗೆ ಕೆಂಡದಂತೆ ಮಿನುಗುವ ಒಂದು ಎಳೆ. ಕಾಲ ಬದಲಾಗಿ ಎಲ್ಲರೂ ವಾಲ್ವ್ ರೇಡಿಯೋಗಳನ್ನು ಗುಜರಿಗೆ ಹಾಕಿದಾಗ ಇವರು ಗುಜರಿಯವನ ಹಿಂದೆ ಹಿಂದೆಯೇ ಹೋಗಿ ಅವನ್ನೆಲ್ಲ ಹೆಕ್ಕಿ ತಂದರು. ಹೆಸರು ಬಂದದ್ದು ಹಾಗೆ. "ಗಾಜು ಕೆಂಪಗಾದ್ರೆ ಸಾಕು, ಇವರಿಗೆ ದೂರದಿಂದಲೇ ಕಾಣ್ಸುತ್ತೆ. ನನ್ನ ಮುಖ ಕೆಂಪಗಾಗಿದ್ದು ಮಾತ್ರ ಇವತ್ತಿನವರೆಗೂ ಕಂಡಿಲ್ಲ" ಎಂದು ಅವರ ಹೆಂಡತಿ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು.

ಅವರಿಗೊಬ್ಬ ತಮ್ಮ ಇದ್ದ, ಒಂಬತ್ತು ವರ್ಷ ಚಿಕ್ಕವನು. ಅಪ್ಪ ಅಮ್ಮ ಬೇಗ ತೀರಿಹೋದದ್ದರಿಂದ ತಮ್ಮನಿಗೆ ಸ್ಲೇಟು ಕೊಡಿಸಿದವರೂ ಇವರೇ, ಮೊದಲ ಗಿಟಾರ್ ಕೊಡಿಸಿದವರೂ ಇವರೇ. ತಮ್ಮ ಓದಿನಲ್ಲಿ ಅಷ್ಟಕ್ಕಷ್ಟೆ, ಗಿಟಾರ್ ಕೈಗೆ ಬಂದರೆ ಬೇರೆಯೇ ಮನುಷ್ಯ. ಹಗಲೆಲ್ಲ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ, ಸಂಜೆ ಐದು ಜನರ ಒಂದು ವಾದ್ಯತಂಡದಲ್ಲಿ ನುಡಿಸುತ್ತಿದ್ದ. ಮೈಕಿನ ಮುಂದೆ ನಿಂತು ಹಾಡುತ್ತಲೂ ಇದ್ದ.

ಒಂದು ದಿನ ಅಂಗಡಿಗೆ ಬಂದವನು ಸ್ಟೂಲೆಳೆದು ಕೂತ.

"ಅಣ್ಣಾ, ನನ್ನ ಆಂಪ್ಲಿಫೈಯರ್ ತುಂಬಾ ಸಭ್ಯ ಕಣೋ. ಎಷ್ಟು ಜೋರಾಗಿ ಬಾರಿಸಿದ್ರೂ ಇಸ್ತ್ರಿ ಮಾಡಿದ ಅಂಗಿ ಥರ ಇರುತ್ತೆ ದನಿ. ನನಗೆ ಒಡೀಬೇಕು."

"ಏನು ಒಡೀಬೇಕು?"

"ದನಿ. ಅತ್ತು ಸುಮ್ಮನಾದವರು ಮಾತಾಡೋಕೆ ಶುರು ಮಾಡ್ತಾರಲ್ಲ, ಆಗ ಗಂಟಲು ಒಂಚೂರು ಬಿರಿಯುತ್ತಲ್ಲ, ಹಾಗೆ."

ವಾಲ್ವಣ್ಣನವರಿಗೆ ಅರ್ಥವಾಯಿತು. ವಾಲ್ವಿಗೆ ಅದರ ಅಳತೆಯ ಕೆಲಸ ಕೊಟ್ಟರೆ ದನಿ ತಿಳಿಯಾಗಿ ಬರುತ್ತದೆ, ಅಳತೆ ಮೀರಿ ಕೊಟ್ಟರೆ ಬಿರಿಯುತ್ತದೆ. ರೇಡಿಯೋದವರು ಅದನ್ನು ದೋಷವೆಂದು ತಿದ್ದುತ್ತಾರೆ, ಗಿಟಾರಿನವರು ಅದನ್ನೇ ಬೇಡಿಕೊಂಡು ಬರುತ್ತಾರೆ. ಆದರೆ ದೊಡ್ಡ ಆಂಪ್ಲಿಫೈಯರ್ ಪೆಟ್ಟಿಗೆಯಲ್ಲಿ ಅದು ಸುಲಭಕ್ಕೆ ಬರುವುದಿಲ್ಲ. ಅಲ್ಲಿ ವಾಲ್ವುಗಳು ಬೆವರುವಷ್ಟು ದನಿ ಏರಿಸಿದರೆ ಕೇಳುವವರು ಕಿವಿ ಮುಚ್ಚಿಕೊಂಡು ಓಡಬೇಕು. ಸಣ್ಣ ಪೆಟ್ಟಿಗೆಯೇ ಸರಿ ಎಂದುಕೊಂಡು ಹಳೆಯ ಕಾಲದ ಒಂದು ನಕ್ಷೆ ಹುಡುಕಿ, ಹದಿನೈದು ವಾಟಿನ ಆಂಪ್ಲಿಫೈಯರನ್ನು ತಾವೇ ಕಟ್ಟಲು ಕೂತರು. ಬಡಗಿಯ ಹತ್ತಿರ ಹಲಗೆ ಪೆಟ್ಟಿಗೆ ಮಾಡಿಸಿದರು. ಹಳೆಯ ಕಾಗದದ ಸ್ಪೀಕರ್ ಕೂರಿಸಿದರು. ಮೂರೇ ಗುಂಡಿಗಳು: ಒಂದು ಒಟ್ಟು ದನಿಗೆ, ಒಂದು ಮಂದ್ರಕ್ಕೆ, ಒಂದು ತಾರಕ್ಕೆ. ನಾಲ್ಕು ತಿಂಗಳು ಹಿಡಿಯಿತು. ತಮ್ಮ ಮೊದಲ ಸಲ ಅದರಲ್ಲಿ ನುಡಿಸಿದ ದಿನ ಕನ್ನಡಕದ ಅಂಗಡಿಯವರು ಗಿರಾಕಿಯನ್ನು ಬಿಟ್ಟು ಬಾಗಿಲಲ್ಲಿ ಬಂದು ನಿಂತಿದ್ದರು. "ಯಾರೋ ಹಾಡ್ತಿದಾರೆ ಅಂದ್ಕೊಂಡೆ" ಎಂದರು.

ಮುಂದಿನ ಐದು ವರ್ಷ ಸುಖವಾಗಿ ಕಳೆದವು. ತಮ್ಮನಿಗೆ ಮದುವೆಯಾಯಿತು. ಹುಡುಗಿ ಹೊಲಿಗೆ ಕೆಲಸದವಳು, ಶಾಲೆಗಳ ಸಮವಸ್ತ್ರ ಹೊಲಿಯುವ ಒಂದು ಮಳಿಗೆಯಲ್ಲಿ ಕತ್ತರಿ ಹಿಡಿಯುತ್ತಿದ್ದಳು. ಒಬ್ಬಳು ಮಗಳು ಹುಟ್ಟಿದಳು.

ಆಮೇಲೆ ತಮ್ಮನ ತಂಡ ಹೊಸ ಸಭಾಂಗಣವೊಂದರಲ್ಲಿ ತಿಂಗಳಿಗೆರಡು ಬಾರಿ ಕಾರ್ಯಕ್ರಮ ಕೊಡಲು ಶುರುಮಾಡಿತು. ಅಲ್ಲಿ ಪೆಟ್ಟಿಗೆ ಗುಂಯ್‌ಗುಡುತ್ತಿತ್ತು. ಮೈಕಿನವರದ್ದೊಂದು ಅರ್ಥಿಂಗ್, ಪೆಟ್ಟಿಗೆಯದ್ದೊಂದು ಅರ್ಥಿಂಗ್, ಎರಡೂ ಬೇರೆ ಬೇರೆ ದಾರಿಯಲ್ಲಿ ನೆಲ ಸೇರುವಾಗ ಹುಟ್ಟುವ ಸದ್ದು ಅದು. ತಮ್ಮ ಮಧ್ಯಾಹ್ನ ಮೂರಕ್ಕೆ ಪೆಟ್ಟಿಗೆ ಹೊತ್ತುಕೊಂಡು ಅಂಗಡಿಗೆ ಬಂದ. ಐದಕ್ಕೆ ಕಾರ್ಯಕ್ರಮ.

"ಅಣ್ಣಾ, ಗುಂಯ್ ಅನ್ನೋದು ನಿಲ್ಲಿಸಿಕೊಡು. ಹಾಡಿಗಿಂತ ಅದೇ ಜೋರಾಗಿದೆ. ಡ್ರಮ್ಮಿನವನು ಹೇಳ್ದ, ಅರ್ಥಿಂಗ್ ತಂತಿ ಕಿತ್ರೆ ನಿಲ್ಲುತ್ತಂತೆ."

"ಕೀಳಬಾರದು ಕಣೋ. ಒಳಗೆ ಏನಾದ್ರೂ ಕೆಟ್ಟು ಕರೆಂಟು ಒಳಗಿನ ತಗಡಿಗೂ ಅಲ್ಲಿಂದ ನಿನ್ನ ಗಿಟಾರಿನ ತಂತಿಗೂ ಬಂದ್ರೆ ಅದೇ ನಿನ್ನ ಕಾಯೋದು."

"ಇವತ್ತೊಂದು ದಿನ ಅಣ್ಣ. ನಾಳೆ ಸರಿ ಮಾಡು. ನೀನೇ ಕಟ್ಟಿದ ಪೆಟ್ಟಿಗೆ, ಒಳಗೆ ಕೆಡೋಕೆ ಏನಿದೆ?"

ಆ ಕೊನೆಯ ಮಾತು ವಾಲ್ವಣ್ಣನವರಿಗೆ ಹಿತವಾಯಿತು. ಕಟರ್ ತೆಗೆದುಕೊಂಡು ಹಸಿರು ತಂತಿಯನ್ನು ಕತ್ತರಿಸಿದರು, ತುದಿಗೆ ಕಪ್ಪು ಟೇಪು ಸುತ್ತಿದರು. ಗುಂಯ್ ನಿಂತಿತು. ತಮ್ಮ ಪೆಟ್ಟಿಗೆ ಎತ್ತಿಕೊಂಡು ಓಡಿದ.

ಮರುದಿನ ತಮ್ಮನಿಗೆ ಪುರುಸೊತ್ತಾಗಲಿಲ್ಲ. ಅದರ ಮರುದಿನ ಇವರಿಗೆ ಕೆಲಸವಿತ್ತು. "ನಾಳೆ ಎಂದವನ ಮನೆ ಹಾಳು" ಎಂಬ ಗಾದೆಯನ್ನು ವಾಲ್ವಣ್ಣನವರೇ ಗಿರಾಕಿಗಳಿಗೆ ಎಷ್ಟೋ ಸಲ ಹೇಳಿದ್ದುಂಟು. ಮೂರು ತಿಂಗಳು ಕಳೆದವು. ಪೆಟ್ಟಿಗೆ ಚೆನ್ನಾಗಿಯೇ ನುಡಿಯುತ್ತಿತ್ತು. ಇಬ್ಬರಿಗೂ ಮರೆತೇಹೋಯಿತು.

ಒಂದು ಭಾನುವಾರ ಬೆಳಿಗ್ಗೆ ಅದೇ ಸಭಾಂಗಣದಲ್ಲಿ ತಾಲೀಮು. ತಮ್ಮ ಎಡಗೈಯಲ್ಲಿ ಗಿಟಾರಿನ ತಂತಿಗಳನ್ನು ಹಿಡಿದುಕೊಂಡೇ ಹಾಡಲು ಮುಂದೆ ಬಾಗಿದ. ತುಟಿ ಮೈಕಿಗೆ ತಗುಲಿತು. ಜೊತೆಯವರು ಲೈನು ಆರಿಸಿ ಅವನನ್ನು ಬಿಡಿಸುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅವನಿಗೆ ಮೂವತ್ತೊಂದು. ಮಗಳಿಗೆ ನಾಲ್ಕು.

ಸಭಾಂಗಣದ ವೈರಿಂಗ್ ಹಳೆಯದು, ಅದರಿಂದಲೇ ಹೀಗಾಯಿತು ಎಂದು ಎಲ್ಲರೂ ಅಂದರು. ವಿಚಾರಿಸಲು ಬಂದವರೂ ಹಾಗೇ ಬರೆದುಕೊಂಡು ಹೋದರು. ವಾಲ್ವಣ್ಣ ಗೋಡೆಗೊರಗಿ ಕೂತಿದ್ದರು. ಕತ್ತರಿಸಿದ ಹಸಿರು ತಂತಿ ನೆನಪಾಗಿ, ಅಲ್ಲ ಎನ್ನಲು ಬಾಯಿ ತೆರೆದರು. ಪಕ್ಕದಲ್ಲಿ ತಮ್ಮನ ಹೆಂಡತಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು. ಈಗ ಬೇಡ, ಇವಳು ಸ್ವಲ್ಪ ಸುಧಾರಿಸಿಕೊಳ್ಳಲಿ ಎಂದುಕೊಂಡರು. ಸುಧಾರಿಸಿಕೊಂಡ ಮೇಲೆ, ಈಗ ಹೇಳಿ ಮತ್ತೆ ಯಾಕೆ ಕೆದಕುವುದು ಅನ್ನಿಸಿತು. ಹೀಗೆ ವರ್ಷಗಳು ಉರುಳಿದವು.

ಆಂಪ್ಲಿಫೈಯರುಗಳನ್ನು ಮುಟ್ಟುವುದನ್ನು ಅವರು ಬಿಟ್ಟರು. ವಾಲ್ವುಗಳ ಡಬ್ಬಗಳನ್ನು ಅಟ್ಟಕ್ಕೆ ಹಾಕಿ ಫ್ಯಾನು, ಇಸ್ತ್ರಿಪೆಟ್ಟಿಗೆ, ನೀರಿನ ಮೋಟಾರು ರಿಪೇರಿಗೆ ಇಳಿದರು. ಸುಟ್ಟ ಮೋಟಾರಿನ ತಾಮ್ರದ ಸುರುಳಿ ಬಿಚ್ಚಿ ಹೊಸದು ಸುತ್ತುವುದರಲ್ಲಿ ಅವರ ಕೈ ಪಳಗಿತು. ಬಂದ ಪ್ರತಿ ಇಸ್ತ್ರಿಪೆಟ್ಟಿಗೆಗೂ ಕೇಳಲಿ ಬಿಡಲಿ ಅರ್ಥಿಂಗ್ ಸರಿಮಾಡಿಯೇ ಕೊಡುತ್ತಿದ್ದರು. ವಾರಕ್ಕೊಮ್ಮೆ ತಮ್ಮನ ಮನೆಗೆ ಹೋಗಿ ಬರುತ್ತಿದ್ದರು. ಮಗುವಿನ ಶಾಲೆ, ಜ್ವರ, ಬೂಟು ಎಲ್ಲದಕ್ಕೂ ದೊಡ್ಡಪ್ಪನೇ. ಓಣಿಯವರು, "ಇದ್ರೆ ಇರಬೇಕು ಇಂಥ ಭಾವ" ಅನ್ನುವಾಗ ಅವರು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಿದ್ದರು. ಸಂಕೋಚದ ಮನುಷ್ಯ ಎಂದು ಜನ ತಿಳಿದರು.

ಹದಿನಾರು ವರ್ಷಗಳಾದ ಮೇಲೆ ಒಂದು ಮಧ್ಯಾಹ್ನ ತಮ್ಮನ ಹೆಂಡತಿ ಬಾಡಿಗೆ ಗಾಡಿಯಲ್ಲಿ ಅಂಗಡಿಯ ಮುಂದೆ ಬಂದಿಳಿದಳು. ಹಳೆಯ ಹೊದಿಕೆಯಲ್ಲಿ ಸುತ್ತಿದ್ದ ಪೆಟ್ಟಿಗೆಯನ್ನು ಗಾಡಿಯವನು ಒಳಗೆ ತಂದಿಟ್ಟ.

"ಭಾವ, ಇದನ್ನ ಸರಿ ಮಾಡಿಕೊಡಿ. ಮಗಳಿಗೆ ಅವಳಪ್ಪ ನುಡಿಸಿದ ಕ್ಯಾಸೆಟ್ ಸಿಕ್ಕಿದೆ. ಮೂರು ತಿಂಗಳಿಂದ ಅದೇ ದನಿ ಬೇಕು ಅಂತ ಹಠ. ತನ್ನ ಗಿಟಾರಿಗೆ ದನಿ ಬದಲಿಸೋ ಏನೇನೋ ಪೆಡಲ್ಲು ತಂದ್ಲು. ಡಬ್ಬದೊಳಗೆ ಜೇನುಹುಳ ಬಿಟ್ಟ ಹಾಗೆ ಕೇಳ್ಸುತ್ತೆ, ಅಷ್ಟೆ. ನನಗೂ ಇದನ್ನ ಮಂಚದ ಕೆಳಗೆ ನೋಡಿ ನೋಡಿ ಸಾಕಾಯ್ತು. ನುಡಿಯೋದಾದ್ರೆ ನುಡೀಲಿ."

ವಾಲ್ವಣ್ಣ ಹಿಂಬದಿಯ ಸ್ಕ್ರೂಗಳನ್ನು ಬಿಚ್ಚಿದರು. ಹಲಗೆ ತೆಗೆದಾಗ ಮೊದಲು ಕಂಡದ್ದೇ ಅದು: ಕತ್ತರಿಸಿದ ಹಸಿರು ತಂತಿ, ಅದರ ಮೇಲೆ ಕಪ್ಪು ಟೇಪು. ಟೇಪಿನ ತುದಿಯನ್ನು ಮತ್ತೆ ಬಿಚ್ಚಲು ಸುಲಭವಾಗಲೆಂದು ಒಂದಿಷ್ಟು ಮಡಚಲಾಗಿತ್ತು. ಹಾಗೆ ಮಡಚುವುದು ಅವರದೇ ಅಭ್ಯಾಸ. ಮೀಟರಿನ ಎರಡು ಕಡ್ಡಿಗಳನ್ನು ಟ್ರಾನ್ಸ್‌ಫಾರ್ಮರಿಗೂ ತಗಡಿಗೂ ಮುಟ್ಟಿಸಿದರು. ಮುಳ್ಳು ಈ ಕಡೆಯಿಂದ ಆ ಕಡೆಗೆ ಹಾರಿತು. ಸುರುಳಿಯೊಳಗಿನ ಕಾಗದ ಸುಟ್ಟು ಕರೆಂಟು ತಗಡಿಗೆ ಇಳಿದಿತ್ತು. ಆ ತಂತಿ ತನ್ನ ಜಾಗದಲ್ಲಿದ್ದಿದ್ದರೆ ಒಂದು ಫ್ಯೂಸು ಹೋಗುತ್ತಿತ್ತು, ಅಷ್ಟೆ.

ಎದುರಿಗೆ ಅವಳು ಸ್ಟೂಲಿನ ಮೇಲೆ ಕೂತು ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಿದ್ದಳು.

"ಅಮ್ಮಾ, ಇಲ್ಲಿ ನೋಡು" ಎಂದರು ವಾಲ್ವಣ್ಣ. "ಇದನ್ನ ಕತ್ತರಿಸಿದ್ದು ನಾನು. ಸಭಾಂಗಣದ ವೈರಿಂಗಿನ ತಪ್ಪಲ್ಲ. ಇದು ಇದ್ದಿದ್ರೆ ಅವನು ಇರ್ತಿದ್ದ."

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ಇವರು ಮೊದಲಿನಿಂದ, ಒಂದನ್ನೂ ಬಿಡದೆ ಹೇಳಿದರು. ಗುಂಯ್ ಸದ್ದು, ಮೂರು ಗಂಟೆ, ನಾಳೆ ಎಂದದ್ದು, ಮರೆತದ್ದು. ಅವಳು ಕೇಳಿದಳು. ಹೊಲಿಗೆಯವಳ ಕಣ್ಣು ಆ ಟೇಪಿನ ಮಡಿಕೆಯ ಮೇಲೆಯೇ ಇತ್ತು.

"ಹದಿನಾರು ವರ್ಷ" ಎಂದಳು ಕೊನೆಗೆ. "ಹದಿನಾರು ವರ್ಷ ನನ್ನ ಮನೇಲಿ ಕೂತು ನನ್ನ ಕೈಯಲ್ಲಿ ಉಂಡ್ರಲ್ಲ ಭಾವ. ಒಂದು ದಿನಾನೂ ಗಂಟಲಲ್ಲಿ ಸಿಕ್ಕಿಹಾಕ್ಕೊಳ್ಳಲಿಲ್ವಾ?"

"ದಿನಾ ಸಿಕ್ಕಿಹಾಕ್ಕೊಂಡಿದೆ."

"ಮತ್ತೆ?"

ವಾಲ್ವಣ್ಣ ಕೈಯಲ್ಲಿದ್ದ ಮೀಟರನ್ನು ಮೇಜಿನ ಮೇಲಿಟ್ಟರು. ಅವಳು ಎದ್ದು ನಡೆದುಕೊಂಡೇ ಹೋದಳು. ಹೊದಿಕೆ ನೆಲದ ಮೇಲೆ ಬಿದ್ದಿತ್ತು. ಪೆಟ್ಟಿಗೆ ಮೇಜಿನ ಮೇಲೆ ತೆರೆದೇ ಇತ್ತು.

ಆ ವಾರ ಅವರು ತಮ್ಮನ ಮನೆಗೆ ಹೋಗಲಿಲ್ಲ. ಹೆಂಡತಿಗೆ ಎಲ್ಲ ಹೇಳಿದರು. ಆಕೆಗೂ ಅದು ಹೊಸ ಸುದ್ದಿಯೇ. ಮೂರನೆಯ ದಿನ ಆಕೆ, "ನನಗಾದ್ರೂ ಹೇಳ್ಬಹುದಿತ್ತು. ಅರ್ಧ ಭಾರ ನಾನು ಹೊರ್ತಿದ್ದೆ" ಎಂದಷ್ಟೇ ಹೇಳಿ ಒಳಗೆ ಹೋದರು.

ಹತ್ತನೆಯ ದಿನ ಮಗಳು ಬಂದಳು. ಇಪ್ಪತ್ತರ ಹುಡುಗಿ, ಅಪ್ಪನದೇ ಉದ್ದ ಬೆರಳು. ಅಂಗಡಿಯೊಳಗೆ ಕೂರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತೇ ಕೇಳಿದಳು.

"ದೊಡ್ಡಪ್ಪ, ಅಮ್ಮ ಹೇಳಿದ್ಲು. ಕತ್ತರಿಸು ಅಂತ ಅಪ್ಪ ಕೇಳಿದ್ರಾ, ನೀವಾಗೇ ಮಾಡಿದ್ರಾ?"

"ಅವನು ಕೇಳಿದ. ಆದ್ರೆ ಅದರಿಂದ ಏನಾಗುತ್ತೆ ಅಂತ ಅವನಿಗೆ ಗೊತ್ತಿರ್ಲಿಲ್ಲ, ನನಗೆ ಗೊತ್ತಿತ್ತು. ಕಟರ್ ಇದ್ದಿದ್ದು ನನ್ನ ಕೈಯಲ್ಲಿ."

ಹುಡುಗಿ ಪೆಟ್ಟಿಗೆಯತ್ತ ತಿರುಗಿದಳು.

"ಇದು ಮತ್ತೆ ನುಡಿಯುತ್ತಾ?"

"ನುಡಿಯುತ್ತೆ."

"ಹಾಗಾದ್ರೆ ಸರಿ ಮಾಡಿ. ಸಿಟ್ಟು ಬಂದಿದೆ ನನಗೆ. ಇಲ್ಲ ಅಂತ ಸುಳ್ಳು ಹೇಳಲ್ಲ. ಆದ್ರೆ ಅಪ್ಪ ನನಗೆ ನೆನಪೇ ಇಲ್ಲ ದೊಡ್ಡಪ್ಪ. ಆ ಕ್ಯಾಸೆಟ್ಟೊಂದೇ ಇರೋದು."

"ಮಾಡ್ತೀನಿ. ಆದ್ರೆ ನಿಮ್ಮಮ್ಮ ಒಪ್ಪಿದ್ರೆ ಮಾತ್ರ ಇದು ಈ ಬಾಗಿಲು ದಾಟುತ್ತೆ. ಅವಳು ಬಂದು ನೋಡ್ಬೇಕು."

ಎರಡೂವರೆ ತಿಂಗಳು ವಾಲ್ವಣ್ಣ ಬೇರೆ ಕೆಲಸ ಹಿಡಿಯಲಿಲ್ಲ. ಅಂಥ ಟ್ರಾನ್ಸ್‌ಫಾರ್ಮರ್ ಈಗ ಎಲ್ಲೂ ಸಿಗುವುದಿಲ್ಲ. ಸುಟ್ಟದ್ದನ್ನೇ ಬಿಚ್ಚಿ, ಸುತ್ತುಗಳನ್ನು ಲೆಕ್ಕ ಹಾಕಿ ಬರೆದುಕೊಂಡು, ಹೊಸ ತಂತಿಯಲ್ಲಿ ತಾವೇ ಸುತ್ತಿದರು. ಪದರ ಪದರಕ್ಕೂ ಎರಡೆರಡು ಕಾಗದ ಹಾಕಿದರು. ಒಣಗಿಹೋಗಿದ್ದ ಕೆಪಾಸಿಟರುಗಳನ್ನು ತೆಗೆದು ಹೊಸದು ಬೆಸೆದರು. ಅಟ್ಟದಿಂದ ವಾಲ್ವುಗಳ ಡಬ್ಬ ಇಳಿಸಿದರು. ಕಡೆಯ ಹಂತದ ಜೋಡಿ ವಾಲ್ವುಗಳು ಮಾತ್ರ ತಮ್ಮ ನುಡಿಸುತ್ತಿದ್ದವೇ ಉಳಿದವು. ಅವು ಇನ್ನೂ ಗಟ್ಟಿಯಾಗಿದ್ದವು. ಅರ್ಥಿಂಗ್ ತಂತಿಯನ್ನು ಬರೀ ಬೆಸೆಯದೆ ತಗಡಿಗೆ ಬೋಲ್ಟು ಹಾಕಿ ಬಿಗಿದರು. ಗುಂಯ್ ಸದ್ದಿಗೆ ಬೇರೆ ದಾರಿ ಮಾಡಿದರು: ಒಳಗಿನ ತಂತಿಗಳನ್ನೆಲ್ಲ ಮತ್ತೆ ಹಾಸಿ, ಎಲ್ಲದರ ಅರ್ಥಿಂಗನ್ನೂ ಒಂದೇ ಬಿಂದುವಿಗೆ ತಂದರು. ಮೈಕಿನ ಜೊತೆ ಇಟ್ಟಾಗ ಸದ್ದು ಮುಕ್ಕಾಲು ಪಾಲು ಅಡಗಿತು. ಉಳಿದ ಕಾಲು ಪಾಲು ಇರಲಿ ಎಂದು ಬಿಟ್ಟರು. ಇಷ್ಟು ಮಾಡಲು ಆ ದಿನವೂ ಬರುತ್ತಿತ್ತು. ಬೇಕಿದ್ದದ್ದು ಒಂದು ವಾರ ಸಮಯ. ತಮ್ಮನಿಗೆ, ಈ ವಾರ ಗಿಟಾರ್ ಬೇಡ, ಹಾಡು ಮಾತ್ರ ಹಾಡು ಅನ್ನುವ ಒಂದು ಮಾತು.

ಕೆಲಸ ಮುಗಿದಿದೆ ಎಂದು ಹೇಳಿಕಳಿಸಿದ ನಾಲ್ಕನೆಯ ದಿನ ಬೆಳಿಗ್ಗೆ ತಾಯಿ ಮಗಳು ಇಬ್ಬರೂ ಗಿಟಾರ್ ತೆಗೆದುಕೊಂಡು ಬಂದರು. ತಮ್ಮನ ಹೆಂಡತಿ ಮೂಲೆಯ ಸ್ಟೂಲಿನ ಮೇಲೆ ಕೂತಳು. ವಾಲ್ವಣ್ಣ ಬಾಡಿಗೆಗೆ ತಂದಿದ್ದ ಮೈಕ್‌ಸೆಟ್ಟಿನ ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಪೆಟ್ಟಿಗೆ ಹಚ್ಚಿ, ಗಿಟಾರಿನ ತಂತಿಗೂ ಮೈಕಿಗೂ ಮೀಟರು ಹಿಡಿದು ತೋರಿಸಿದರು.

"ಮುಳ್ಳು ಅಲ್ಲಾಡ್ತಿಲ್ಲ ನೋಡು. ಸೊನ್ನೆ."

"ಮುಳ್ಳು ಗಿಳ್ಳು ನನಗೆ ತಿಳಿಯಲ್ಲ ಭಾವ. ನಾನು ಮುಟ್ಟಿ ನೋಡ್ತೀನಿ. ಆಮೇಲೆ ಇವಳು."

"ಮೊದಲು ನಾನು" ಎಂದರು ವಾಲ್ವಣ್ಣ.

ಒಂದು ಕೈಯಲ್ಲಿ ಗಿಟಾರಿನ ಆರೂ ತಂತಿಗಳನ್ನು ಒತ್ತಿ ಹಿಡಿದು ಬಾಗಿ ತುಟಿಯನ್ನು ಮೈಕಿಗೆ ಮುಟ್ಟಿಸಿದರು. ಹಾಗೇ ನಿಂತರು. ಹಿಂದಿನ ದಿನ ಹತ್ತು ಸಲ ಒಬ್ಬರೇ ಹೀಗೆ ನಿಂತು ನೋಡಿದ್ದರು. ತಮ್ಮನ ಹೆಂಡತಿ ನೋಡುತ್ತಿದ್ದಳು. ಸಾಕು ಎನ್ನಲಿಲ್ಲ. ಅವರಾಗಿ ತಲೆಯೆತ್ತಿದ ಮೇಲೆ ಮುಂದೆ ಬಂದು ತಾನೂ ಹಾಗೇ ಮಾಡಿದಳು. ಗಂಡ ನಿಂತ ರೀತಿಯಲ್ಲೇ, ಎಡಗೈ ತಂತಿಯ ಮೇಲೆ, ತುಟಿ ಮೈಕಿನ ಮೇಲೆ. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಪೆಟ್ಟಿಗೆಯ ಹಿಂದೆ ವಾಲ್ವುಗಳು ಕೆಂಪಗೆ ಉರಿಯುತ್ತಿದ್ದವು. ಅವಳ ಉಸಿರಾಟ ಮೈಕ್‌ಸೆಟ್ಟಿನ ಸ್ಪೀಕರಿನಲ್ಲಿ ಕೇಳುತ್ತಿತ್ತು. ಕಣ್ಣು ತೆರೆದು ಗಿಟಾರನ್ನು ಮಗಳ ಕೈಗೆ ಕೊಟ್ಟಳು.

ಹುಡುಗಿ ನುಡಿಸಿದಳು. ದನಿಯ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದ್ದಳು. ಅಂಗಡಿಯ ಗಾಜು ಅದುರಿತು, ಬೀಗದವರು ಇಣುಕಿ ನೋಡಿ ಹೋದರು. ದನಿ ಒಡೆಯುತ್ತಿತ್ತು, ಆದರೆ ರಾಡಿಯಾಗಿತ್ತು.

"ಇದಲ್ಲ ದೊಡ್ಡಪ್ಪ."

"ಮಂದ್ರ ಇಳಿಸು. ಅದು ಜಾಸ್ತಿಯಾದ್ರೆ ಒಡೆದಾಗ ಕೆಸರಾಗುತ್ತೆ. ಒಟ್ಟು ದನಿ ಏಳಕ್ಕೆ ತಾ. ವಾಲ್ವು ಬೆವರಿದ್ರೆ ಸಾಕು, ಸಾಯ್ಬೇಕಾಗಿಲ್ಲ. ಮೆತ್ತಗೆ ಮೀಟು. ಪೆಟ್ಟಿಗೆಗಿಂತ ಬೆರಳು ದೊಡ್ಡದು."

ಮಂದ್ರ ಇಳಿಸಿದಳು. ಈಗ ದನಿ ತೆರೆದುಕೊಂಡಿತು. ಹತ್ತಿರ ಬಂದಿತ್ತು, ಆದರೆ ಕ್ಯಾಸೆಟ್ಟಿನಲ್ಲಿ ದನಿ ಒಂದೇ ಸಾಲಿನಲ್ಲಿ ತಿಳಿಯಾಗಿ ಶುರುವಾಗಿ ಕೊನೆಗೆ ಬಿರಿಯುತ್ತಿತ್ತು. ಇಲ್ಲಿ ಮೊದಲಿನಿಂದ ಕೊನೆಯವರೆಗೂ ಬಿರಿದೇ ಇತ್ತು. ವಾಲ್ವಣ್ಣ ಪೆಟ್ಟಿಗೆಯನ್ನು ಗೋಡೆಯಿಂದ ದೂರ ಸರಿಸಿದರು, ವಾಲ್ವು ಬದಲಿಸಿದರು. ಅರ್ಧ ಗಂಟೆ ಹೀಗೇ ಹೋಯಿತು.

ಆಗ ಮೂಲೆಯಿಂದ ತಾಯಿ ಮಾತಾಡಿದಳು.

"ಅವರು ಪೆಟ್ಟಿಗೇನ ಮುಟ್ತಾನೇ ಇರ್ಲಿಲ್ಲ. ಗಿಟಾರಿನ ಮೇಲಿರೋ ಗುಂಡಿ ಇದೆಯಲ್ಲ, ಅದನ್ನ ಕಿರುಬೆರಳಲ್ಲಿ ತಿರುಗಿಸ್ತಿದ್ರು. ನುಡಿಸ್ತಾ ನುಡಿಸ್ತಾನೇ. ನಾನು ಎದುರಿಗೆ ಕೂತು ಅಂಗಿಗೆ ಗುಂಡಿ ಹೊಲಿಯುವಾಗ ನೋಡ್ತಿದ್ದೆ. ಶುರುವಿನಲ್ಲಿ ಅರ್ಧ, ಕೊನೆಗೆ ಪೂರ್ತಿ."

ವಾಲ್ವಣ್ಣ ಅವಳತ್ತ ತಿರುಗಿದರು. ಪೆಟ್ಟಿಗೆ ಕಟ್ಟಿದವರು ಅವರು. ಅದನ್ನು ಎಂದೂ ಗಮನಿಸಿರಲಿಲ್ಲ.

ಹುಡುಗಿಗೆ ಕಿರುಬೆರಳು ಮೊದಮೊದಲು ನಿಲುಕಲಿಲ್ಲ. ನಾಲ್ಕೈದು ಸಲ ತಪ್ಪಿತು. ಆಮೇಲೆ ಅರ್ಧದಲ್ಲಿ ಶುರುಮಾಡಿದಳು. ದನಿ ತಿಳಿಯಾಗಿ ಹೊರಟಿತು. ಸಾಲು ಮುಗಿಯುತ್ತ ಬಂದಂತೆ ಬೆರಳು ಗುಂಡಿಯನ್ನು ಮೆಲ್ಲನೆ ತಿರುಗಿಸಿತು, ದನಿ ತುಂಬಿಕೊಂಡು ಬಂದು ಅಂಚಿನಲ್ಲಿ ಬಿರಿಯಿತು. ಆ ಬಿರುಕು ಕೇಳಿದ್ದೇ ತಾಯಿ ಮುಖಕ್ಕೆ ಸೆರಗು ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಮಗಳು ನಿಲ್ಲಿಸಲು ಹೋದಳು. "ನಿಲ್ಲಿಸ್ಬೇಡ, ನುಡಿಸು" ಎಂದಳು ತಾಯಿ, ಸೆರಗಿನೊಳಗಿನಿಂದಲೇ. ವಾಲ್ವಣ್ಣ ಮೇಜಿನ ಕಡೆ ಮುಖ ಮಾಡಿ ನಿಂತಿದ್ದರು.

ಪೆಟ್ಟಿಗೆ ಅಂದೇ ಬಾಗಿಲು ದಾಟಿತು.

ಕ್ಷಮಿಸಿದ್ದೇನೆ ಎಂದು ತಮ್ಮನ ಹೆಂಡತಿ ಹೇಳಲಿಲ್ಲ, ಇವರೂ ಕೇಳಲಿಲ್ಲ. ಕೆಲವು ತಿಂಗಳ ಮೇಲೆ ಮಗಳ ಮೊದಲ ಕಾರ್ಯಕ್ರಮವಿತ್ತು, ಒಂದು ಗ್ರಂಥಾಲಯದ ಹಜಾರದಲ್ಲಿ, ಸಂಜೆ ನಾಲ್ಕಕ್ಕೆ. ವಾಲ್ವಣ್ಣ ಅಷ್ಟು ವರ್ಷಗಳಲ್ಲಿ ಮೊದಲ ಸಲ ಇಂಥ ಕಡೆ ಕಾಲಿಟ್ಟು ಹಿಂದಿನ ಸಾಲಿನಲ್ಲಿ ಕೂತರು. ತಮ್ಮನ ಹೆಂಡತಿ ಬಂದು ನಡುವೆ ಒಂದು ಕುರ್ಚಿ ಬಿಟ್ಟು ಕೂತಳು. ಹುಡುಗಿ ಗಿಟಾರ್ ಹಿಡಿದು ಮೈಕಿನತ್ತ ಬಾಗಿದಾಗ ಇಬ್ಬರೂ ಕುರ್ಚಿಯ ತುದಿಗೆ ಬಂದಿದ್ದರು. ತುಟಿ ಮೈಕಿಗೆ ತಗುಲಿತು. ಏನೂ ಆಗಲಿಲ್ಲ. ಅವಳು ಹಾಡಿದಳು.

ಮೂರನೆಯ ಹಾಡಿನಲ್ಲಿ ಆಕೆ ಇವರ ಕಡೆ ತಿರುಗದೆಯೇ, "ತಾಳ ಓಡ್ತಿದೆ ಇವಳದು" ಎಂದಳು.

"ಹೌದು" ಎಂದರು ವಾಲ್ವಣ್ಣ. "ಭಯಕ್ಕೆ. ಎರಡು ಕಾರ್ಯಕ್ರಮ ಆದ್ರೆ ನಿಲ್ಲುತ್ತೆ."

"ಹೇಳ್ಬೇಕು ಅವಳಿಗೆ."

"ನೀನೇ ಹೇಳು. ನನ್ನ ಮಾತು ಕೇಳಲ್ಲ ಅವಳು."

ಆಕೆ ತಲೆಯಾಡಿಸಿ, ಮಡಿಲಲ್ಲಿದ್ದ ಕೈಚೀಲವನ್ನು ಎತ್ತಿ ನಡುವಿನ ಖಾಲಿ ಕುರ್ಚಿಯ ಮೇಲಿಟ್ಟು, ಹಿಂದಕ್ಕೆ ಒರಗಿ ಕೂತಳು.